ಮೊದಲ ಪಂದ್ಯಕ್ಕೇ ದೊಡ್ಡ ಎದುರಾಳಿ: 60ನೇ ನಿಮಿಷದ ಲೆಕ್ಕ

ಫುಟ್‌ಬಾಲ್ ಲೀಗಿನ ವೇಳಾಪಟ್ಟಿ ಹೊರಬಿದ್ದ ದಿನವೇ ಅಭಿಮಾನಿಗಳಲ್ಲಿ ಎರಡು ಪಂಗಡವಾಗುತ್ತದೆ. ಮೊದಲ ವಾರವೇ ಚಾಂಪಿಯನ್ ತಂಡ ಎದುರಾದರೆ "ಮೂರು ಪಾಯಿಂಟ್ ಹೋಯ್ತು ಬಿಡಿ" ಅನ್ನುವವರು ಒಂದು ಕಡೆ. "ಅವರಿನ್ನೂ ರಜೆಯ ಗುಂಗಲ್ಲೇ ಇರ್ತಾರೆ, ಹೊಡೆಯೋಕೆ ಇದೇ ಸಮಯ" ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಲ್ಲೂ ಅರ್ಧರ್ಧ ನಿಜವಿದೆ. ದೊಡ್ಡ ತಂಡಗಳು ಆಗಸ್ಟ್‌ನಲ್ಲಿ ಹದಕ್ಕೆ ಬಂದಿರುವುದಿಲ್ಲ, ಸರಿ. ಆದರೆ ನಮ್ಮ ತಂಡವೂ ಬಂದಿರುವುದಿಲ್ಲವಲ್ಲ. ಯಾರ ಕಾಲು ಯಾವ ನಿಮಿಷಕ್ಕೆ ಭಾರವಾಗುತ್ತದೆ, ಆ ಹೊತ್ತಿಗೆ ಬೆಂಚಿನಿಂದ ಯಾರು ಎದ್ದು ಬರುತ್ತಾರೆ ಎಂಬ ಎರಡು ಸಂಗತಿ ಗೊತ್ತಾದರೆ ಮೊದಲ ಪಂದ್ಯದ ಮುನ್ನೋಟ ಮುಕ್ಕಾಲು ಪಾಲು ಮುಗಿದ ಹಾಗೆ.

2024ರ ಆಗಸ್ಟ್ 17ರಂದು ಇಪ್ಸ್‌ವಿಚ್ ತನ್ನ ಮೈದಾನದಲ್ಲಿ ಲಿವರ್‌ಪೂಲ್ ಎದುರು ಆಡಿದ ಪಂದ್ಯವನ್ನೇ ನೋಡಿ. ಇಪ್ಸ್‌ವಿಚ್ ಆಗಷ್ಟೇ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದಿತ್ತು. ಲಿವರ್‌ಪೂಲ್‌ಗೆ ಆರ್ನೆ ಸ್ಲಾಟ್ ಹೊಸ ಕೋಚ್. ಮೊದಲಾರ್ಧದಲ್ಲಿ ಇಪ್ಸ್‌ವಿಚ್ ಆಟಗಾರರು ಮೈಮೇಲೆ ಬಿದ್ದು ಆಡಿದರು, ಚೆಂಡಿಗಾಗಿ ನಡೆದ ಪೈಪೋಟಿಗಳಲ್ಲಿ ಸಾಕಷ್ಟನ್ನು ಗೆದ್ದರು, 0-0ಯಲ್ಲಿ ವಿರಾಮಕ್ಕೆ ಹೋದರು. ಸ್ಲಾಟ್ ವಿರಾಮದಲ್ಲೇ ಡಿಫೆಂಡರ್ ಕ್ವಾನ್ಸಾನನ್ನು ಕೂರಿಸಿ ಕೊನಾಟೆಯನ್ನು ಇಳಿಸಿದರು. 60ನೇ ನಿಮಿಷಕ್ಕೆ ಜೋಟಾ, 65ಕ್ಕೆ ಸಲಾಹ್. 2-0. ಇಪ್ಸ್‌ವಿಚ್ ಆಡಿದ್ದು ಕೆಟ್ಟದಾಗಿ ಅಲ್ಲ. ಒಂದು ಗಂಟೆಯ ಆಟವನ್ನು ಚೆನ್ನಾಗಿಯೇ ಆಡಿತು. ಪಂದ್ಯ ಒಂದೂವರೆ ಗಂಟೆಯದಾಗಿತ್ತು.

ನಿಮಿಷಗಳ ಪಟ್ಟಿ

ಋತು ಶುರುವಾಗುವ ಮುಂಚಿನ ಸೌಹಾರ್ದ ಪಂದ್ಯಗಳ ಸ್ಕೋರು ನೋಡಿ ಎದೆಯುಬ್ಬಿಸುವುದು ಒಲೆ ಮುಂದಿನ ಉತ್ತರನ ಪೌರುಷ. ಅಲ್ಲಿ ವಿರಾಮಕ್ಕೆ ಹನ್ನೊಂದಕ್ಕೆ ಹನ್ನೊಂದು ಜನರೂ ಬದಲಾಗುತ್ತಾರೆ, ಎದುರಾಳಿ ತನ್ನ ಹುಡುಗರ ತಂಡವನ್ನು ಇಳಿಸಿರುತ್ತದೆ, ಬೆಳಗ್ಗೆ ಎರಡು ಗಂಟೆ ತಾಲೀಮು ಮಾಡಿಸಿದ ಆಟಗಾರರನ್ನೇ ಸಂಜೆ ಆಡಿಸಿರುತ್ತಾರೆ. ಆ ಪಂದ್ಯಗಳಿಂದ ಹೆಕ್ಕಿಕೊಳ್ಳಬೇಕಾದ್ದು ಗೋಲುಗಳನ್ನಲ್ಲ, ನಿಮಿಷಗಳನ್ನು.

ಸಾಮಾನ್ಯವಾಗಿ ತಯಾರಿ ಐದಾರು ವಾರದ್ದು, ಐದಾರು ಸೌಹಾರ್ದ ಪಂದ್ಯ. ಮೊದಲೆರಡರಲ್ಲಿ ತಲಾ 45 ನಿಮಿಷ, ನಂತರ 60, ಆಮೇಲೆ 75, ಕೊನೆಯದರಲ್ಲಿ 90ರ ಹತ್ತಿರ. ಪ್ರತಿ ಆಟಗಾರನ ಹೆಸರಿನ ಮುಂದೆ ಮೂರು ಅಂಕಿ ಬರೆದುಕೊಳ್ಳಿ: ಒಟ್ಟು ಎಷ್ಟು ನಿಮಿಷ ಆಡಿದ್ದಾನೆ, ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಎಷ್ಟು, ತರಬೇತಿಗೆ ಮರಳಿ ಎಷ್ಟು ದಿನವಾಯಿತು. ರೈಟ್ ಬ್ಯಾಕ್ (ಬಲಬದಿಯ ಡಿಫೆಂಡರ್) ಮುಂದೆ "150, 60, 19" ಎಂದಿದ್ದರೆ ಅವನು 45, 45, 60 ಹೀಗೆ ಮೂರು ಸಲ ಆಡಿದ್ದಾನೆ, ಬಂದು ಮೂರು ವಾರ ತುಂಬಿಲ್ಲ ಎಂದರ್ಥ. ಇಂಥವನು ಎದುರಾಳಿಯ ಅತಿ ವೇಗದ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ದಾಳಿಗಾರ) ಎದುರು 65ನೇ ನಿಮಿಷದ ನಂತರವೂ ಅದೇ ಓಟ ಓಡುತ್ತಾನೆ ಎಂದು ನಂಬುವುದು ಆಸೆ ಅಷ್ಟೇ. ಎರಡನೇ ಅಂಕಿಯೇ ಇಲ್ಲಿ ಮುಖ್ಯ. ಒಟ್ಟು 240 ನಿಮಿಷ ಆಡಿಯೂ ಒಮ್ಮೆಯೂ 60 ದಾಟದವನಿಗಿಂತ, ಒಟ್ಟು 200 ಆಡಿ ಒಂದು ಪಂದ್ಯವನ್ನು ಪೂರ್ತಿ ಮುಗಿಸಿದವನೇ ವಾಸಿ. ಪಂದ್ಯದ ಕೊನೆಯ ಅರ್ಧ ಗಂಟೆಯ ದಣಿವನ್ನು ತರಬೇತಿ ಮೈದಾನದಲ್ಲಿ ಹಾಗೇ ಮರುಸೃಷ್ಟಿಸಲು ಆಗುವುದಿಲ್ಲ. ಪೂರ್ಣ ವೇಗದ ಓಟ, ಥಟ್ಟನೆ ನಿಲ್ಲುವುದು, ಮತ್ತೆ ಓಟ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹಿಡಿದುಕೊಳ್ಳುವುದೂ ಇಂಥ ಓಟದಲ್ಲೇ.

ಕೊನೆಯ ಸೌಹಾರ್ದ ಪಂದ್ಯವನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಋತು ಶುರುವಾಗಲು ಒಂದು ವಾರವಿರುವಾಗ ನಡೆಯುವ ಆ ಪಂದ್ಯದ ಮೊದಲ ಹನ್ನೊಂದು, ಗಾಯದ ತೊಂದರೆ ಇಲ್ಲದಿದ್ದರೆ, ಹೆಚ್ಚುಕಡಿಮೆ ಋತುವಿನ ಮೊದಲ ಹನ್ನೊಂದೇ ಆಗಿರುತ್ತದೆ.

ದೊಡ್ಡವರ ಬೇಸಿಗೆ ಚಿಕ್ಕದು

ಬಲಿಷ್ಠ ತಂಡಕ್ಕೂ ಇದೇ ಪಟ್ಟಿ ಮಾಡಿದರೆ ಅಲ್ಲೊಂದು ಬೇರೆಯೇ ಚಿತ್ರ ಕಾಣುತ್ತದೆ. ಅವರ ಆಟಗಾರರು ಬೇಸಿಗೆಯಲ್ಲೂ ಆಡಿರುತ್ತಾರೆ. 2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ; 48 ತಂಡ, 104 ಪಂದ್ಯ. ಪ್ರೀಮಿಯರ್ ಲೀಗ್ 2026-27ರ ಋತುವನ್ನು ಆಗಸ್ಟ್ 22ರ ವಾರಾಂತ್ಯಕ್ಕೆ ಇಟ್ಟುಕೊಂಡಿದೆ. ಫೈನಲ್ ಆಡಿದವನಿಗೆ ನಡುವೆ ಸಿಗುವುದು 33 ದಿನ. ಋತುವಿನ ಕೊನೆಗೆ ಕನಿಷ್ಠ 21 ದಿನ ವಿಶ್ರಾಂತಿ ಇರಬೇಕು ಎಂದು ಫಿಫಾ 2025ರ ಜುಲೈನಲ್ಲಿ ಹೇಳಿತು. ಆಟಗಾರರ ಒಕ್ಕೂಟ ಫಿಫ್‌ಪ್ರೊ ಕೇಳುತ್ತಿರುವುದು 28 ದಿನ. 33ರಲ್ಲಿ 21 ಕಳೆದರೆ ತರಬೇತಿಗೆ ಉಳಿಯುವುದು 12 ದಿನ. 28 ಕಳೆದರೆ 5. ಐದು ದಿನದಲ್ಲಿ ಓಟದ ಪರೀಕ್ಷೆ, ವೈದ್ಯಕೀಯ ತಪಾಸಣೆ, ಹೊಸ ಜೆರ್ಸಿಯ ಫೋಟೊ ಮುಗಿಯಬಹುದು, ಫುಟ್‌ಬಾಲ್ ತಯಾರಿ ಆಗದು.

2025ರಲ್ಲಿ ಇದರ ಸಣ್ಣ ಮಾದರಿ ನೋಡಲು ಸಿಕ್ಕಿತು. ಜುಲೈ 13ರಂದು ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ಚೆಲ್ಸಿ 3-0ಯಿಂದ ಪ್ಯಾರಿಸ್‌ನ ಪಿಎಸ್‌ಜಿಯನ್ನು ಸೋಲಿಸಿತು. ಆಗಸ್ಟ್ 17ರಂದು ಅದೇ ಚೆಲ್ಸಿ ಲೀಗಿನ ಮೊದಲ ಪಂದ್ಯದಲ್ಲಿ ಮನೆಯಂಗಳದಲ್ಲೇ ಕ್ರಿಸ್ಟಲ್ ಪ್ಯಾಲೇಸ್ ಎದುರು 0-0ಗೆ ತೃಪ್ತಿಪಟ್ಟಿತು. ಅದೂ ಅದೃಷ್ಟ ಚೆನ್ನಾಗಿತ್ತು: ಪ್ಯಾಲೇಸ್‌ನ ಎಜೆ ಫ್ರೀ ಕಿಕ್‌ನಿಂದ ಬಾರಿಸಿದ ಗೋಲನ್ನು ವಿಎಆರ್ (ವಿಡಿಯೊ ರೆಫರಿ) ತಳ್ಳಿಹಾಕಿತು, ಅವನದೇ ತಂಡದ ಗೇಹಿ ಚೆಲ್ಸಿಯ ಗೋಡೆಗೆ ಒಂದು ಮೀಟರ್‌ಗಿಂತ ಹತ್ತಿರ ನಿಂತಿದ್ದ ಕಾರಣಕ್ಕೆ. (ಮೂರು ಅಥವಾ ಹೆಚ್ಚು ಜನ ಗೋಡೆ ಕಟ್ಟಿದ್ದರೆ ದಾಳಿ ಮಾಡುವ ತಂಡದವರು ಅದರಿಂದ ಒಂದು ಮೀಟರ್ ದೂರ ಇರಲೇಬೇಕು. ಬಹಳ ಜನಕ್ಕೆ ಈ ನಿಯಮ ಇರುವುದು ಗೊತ್ತಾಗಿದ್ದೇ ಅವತ್ತು.) ಐದು ದಿನ ಬಿಟ್ಟು ಚೆಲ್ಸಿ ವೆಸ್ಟ್ ಹ್ಯಾಮ್ ಅಂಗಳಕ್ಕೆ ಹೋಗಿ 5-1ರಿಂದ ಗೆದ್ದುಬಂತು. ತಂಡ ಅದೇ, ಮೈ ಬಿಸಿಯಾಗಲು ಇನ್ನೊಂದು ಪಂದ್ಯ ಬೇಕಿತ್ತು.

ಹಾಗಂತ ಇದನ್ನು ಸೂತ್ರ ಮಾಡಿಕೊಂಡರೆ ಮೋಸ ಹೋಗುತ್ತೀರಿ. ಮ್ಯಾಂಚೆಸ್ಟರ್ ಸಿಟಿಯೂ ಆ ಕ್ಲಬ್ ವಿಶ್ವಕಪ್‌ನಲ್ಲಿ ಆಡಿತ್ತು, ಆದರೆ 16ರ ಘಟ್ಟದಲ್ಲೇ ಅಲ್ ಹಿಲಾಲ್ ಎದುರು 3-4ರಿಂದ ಸೋತು ಬೇಗ ಮನೆಗೆ ಬಂದಿತ್ತು. ಲೀಗಿನ ಮೊದಲ ಪಂದ್ಯದಲ್ಲಿ ಅದು ವುಲ್ವ್ಸ್ ತಂಡವನ್ನು 4-0ಯಿಂದ ಚಿಂದಿ ಮಾಡಿತು. ಬೇಸಿಗೆಯಲ್ಲಿ ಆಡಿದರೇ ಎಂಬುದಕ್ಕಿಂತ ಯಾವ ದಿನಾಂಕದವರೆಗೆ ಆಡಿದರು ಎಂಬುದನ್ನು ನೋಡಬೇಕು. ಎರಡು ವಾರದ ವ್ಯತ್ಯಾಸ ಆಗಸ್ಟ್‌ನಲ್ಲಿ ದೊಡ್ಡದು.

31 ದಿನಗಳ ಪಿಎಸ್‌ಜಿ

ಚೆಲ್ಸಿಗೆ ಸೋತ ಪಿಎಸ್‌ಜಿಯ ಕಥೆ ಇನ್ನೂ ಉಪಯುಕ್ತ. ಫೈನಲ್ ಆಗಿ 31ನೇ ದಿನ, ಆಗಸ್ಟ್ 13ರಂದು, ಇಟಲಿಯ ಉಡಿನೆಯಲ್ಲಿ ಯೂಈಎಫ್‌ಎ ಸೂಪರ್ ಕಪ್. ಎದುರಾಳಿ ಟಾಟೆನ್‌ಹ್ಯಾಮ್, ಅದಕ್ಕೂ ಋತುವಿನ ಮೊದಲ ಅಧಿಕೃತ ಪಂದ್ಯ. ಯೂರೋಪಿನ ಚಾಂಪಿಯನ್ ಪಿಎಸ್‌ಜಿ ಬೆರಳೆಣಿಕೆಯ ದಿನಗಳ ತರಬೇತಿಯಲ್ಲಿ ಬಂದಿತ್ತು, ಗೋಲಿನಲ್ಲಿ ಹೊಸಬ ಶೆವಾಲಿಯೇ. ಟಾಟೆನ್‌ಹ್ಯಾಮ್‌ನ ಹೊಸ ಕೋಚ್ ಥಾಮಸ್ ಫ್ರಾಂಕ್ ಮೂವರು ಸೆಂಟರ್ ಬ್ಯಾಕ್‌ಗಳನ್ನು (ಮಧ್ಯದ ಡಿಫೆಂಡರ್‌ಗಳನ್ನು) ಇಟ್ಟು, ಚೆಂಡನ್ನು ಎದುರಾಳಿಗೇ ಬಿಟ್ಟುಕೊಟ್ಟು, ಫ್ರೀ ಕಿಕ್‌ಗಳಿಗೆ ಕಾದರು. 39ನೇ ನಿಮಿಷದಲ್ಲಿ ಗೋಲ್‌ಕೀಪರ್ ವಿಕಾರಿಯೋ ಒದ್ದ ಉದ್ದನೆಯ ಫ್ರೀ ಕಿಕ್ ಪೆನಾಲ್ಟಿ ಆವರಣಕ್ಕೆ ಬಿತ್ತು, ಪಾಲಿನ್ಯಾ ಹೊಡೆದದ್ದು ಅಡ್ಡಪಟ್ಟಿಗೆ ತಗುಲಿ ಬಂತು, ಫಾನ್ ಡಿ ಫೆನ್ ಒಳಗೆ ತಳ್ಳಿದ. 48ರಲ್ಲಿ ಇನ್ನೊಂದು ಫ್ರೀ ಕಿಕ್, ರೊಮೆರೊ ತಲೆಯಿಂದ ಎರಡನೆಯದು. 2-0.

ಇದು ಫ್ರಾಂಕ್‌ಗೆ ಹೊಸದೇನಲ್ಲ. 2021ರ ಆಗಸ್ಟ್ 13ರಂದು ಅವರ ಬ್ರೆಂಟ್‌ಫರ್ಡ್, 74 ವರ್ಷಗಳ ನಂತರ ಇಂಗ್ಲೆಂಡಿನ ಉನ್ನತ ದರ್ಜೆಗೆ ಮರಳಿ ಆಡಿದ ಮೊದಲ ಪಂದ್ಯದಲ್ಲಿ ಆರ್ಸೆನಲ್ ತಂಡವನ್ನು 2-0ಯಿಂದ ಸೋಲಿಸಿತ್ತು. 22ನೇ ನಿಮಿಷಕ್ಕೆ ಕಾನೋಸ್. 73ರಲ್ಲಿ ಬಂದ ಎರಡನೇ ಗೋಲು ಉದ್ದನೆಯ ಥ್ರೋ-ಇನ್‌ನಿಂದ: ಚೆಂಡು ಗೋಲಿನ ಬಾಯಲ್ಲೇ ಒಮ್ಮೆ ಪುಟಿದೆದ್ದಿತು, ಯಾರೂ ತೆರವು ಮಾಡಲಿಲ್ಲ, ನೋರ್ಗಾರ್ಡ್ ತಲೆಗೊಟ್ಟ. ಡಿಫೆಂಡರ್ ಬೆನ್ ವೈಟ್‌ಗೆ ಅದು ಆರ್ಸೆನಲ್ ಪರ ಲೀಗಿನಲ್ಲಿ ಮೊದಲ ಪಂದ್ಯ. ಇವಾನ್ ಟೋನಿ ಎತ್ತರದ ಚೆಂಡಿನಲ್ಲಿ ಅವನನ್ನೇ ಹುಡುಕಿಕೊಂಡು ಹೋಗುತ್ತಿದ್ದ.

ಋತುವಿನ ಆರಂಭದಲ್ಲಿ ದೊಡ್ಡ ತಂಡ ಫ್ರೀ ಕಿಕ್, ಕಾರ್ನರ್, ಥ್ರೋಗಳಲ್ಲಿ ಎಡವಲು ಕಾರಣವಿದೆ. ತಯಾರಿಯ ವಾರಗಳಲ್ಲಿ ಮೊದಲು ಓಟ, ನಂತರ ಚೆಂಡು ಹಿಡಿದು ಆಡುವ ವಿನ್ಯಾಸ, ಆಮೇಲೆ ಪ್ರೆಸ್, ಅಂದರೆ ಚೆಂಡು ಕಸಿಯಲು ಮುಂದೆ ಹೋಗಿ ಎದುರಾಳಿಯನ್ನು ಒತ್ತುವುದು. ಕಾರ್ನರ್ ರಕ್ಷಣೆಯ ಸರದಿ ಬರುವುದು ಕೊನೆಗೆ. ಹೊಸದಾಗಿ ಬಂದ ಸೆಂಟರ್ ಬ್ಯಾಕ್‌ಗೆ ತನ್ನ ಜಾಗ ಯಾವುದು ಎಂದು ಬಾಯಲ್ಲಿ ಹೇಳಿರುತ್ತಾರೆ, ಆದರೆ ಪಕ್ಕದವನು ಎಲ್ಲಿಯವರೆಗೆ ಬರುತ್ತಾನೆ, ಗೋಲ್‌ಕೀಪರ್ ಯಾವ ಚೆಂಡಿಗೆ ಹೊರಗೆ ಹಾರುತ್ತಾನೆ ಎಂಬುದು ಹತ್ತಾರು ಪಂದ್ಯ ಜತೆಗೆ ಆಡಿದ ಮೇಲೆ ಬರುವ ತಿಳಿವಳಿಕೆ. ಅದಕ್ಕೇ ಮುನ್ನೋಟದಲ್ಲಿ ಎದುರಾಳಿಯ ಹೊಸ ಸ್ಟ್ರೈಕರ್‌ಗಿಂತ ಹೊಸ ಡಿಫೆಂಡರ್ ಮತ್ತು ಹೊಸ ಗೋಲ್‌ಕೀಪರ್ ಬಗ್ಗೆ ಎರಡು ಸಾಲು ಹೆಚ್ಚು ಬರೆಯಬೇಕು.

ಥ್ರೋ-ಇನ್‌ಗೆ ಇನ್ನೊಂದು ಅನುಕೂಲ, ಅದರಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ನಾಲ್ವರನ್ನು ಗೋಲ್‌ಕೀಪರ್ ಮುಂದಿನ ಚಿಕ್ಕ ಚೌಕದೊಳಗೇ ನಿಲ್ಲಿಸಬಹುದು. ಒಬ್ಬ ಪೆನಾಲ್ಟಿ ಆವರಣದ ಅಂಚಿನಲ್ಲಿ, ಹೊರಬೀಳುವ ಚೆಂಡಿಗೆ. ಇಬ್ಬರು ಕಡ್ಡಾಯವಾಗಿ ಮಧ್ಯರೇಖೆಯ ಬಳಿ. ಅಭಿಮಾನಿಗಳಿಗೆ ಬೇಸರ ತರುವುದು ಈ ಇಬ್ಬರೇ, "ಅವರೂ ಹೋಗಬಾರದಾ" ಅಂತ. ಹೋದರೆ ಏನಾಗುತ್ತದೆ ಎಂದರೆ, ಎದುರಾಳಿ ತಲೆಯಿಂದ ಹೊರದೂಡಿದ ಚೆಂಡು ಅವರ ವಿಂಗರ್ ಕಾಲಿಗೆ ಸಿಕ್ಕು ಐವತ್ತು ಮೀಟರ್ ಖಾಲಿ ಹುಲ್ಲು ಅವನ ಮುಂದೆ ತೆರೆದುಕೊಳ್ಳುತ್ತದೆ. ಬಲಿಷ್ಠ ತಂಡದ ಮೇಲೆ ನಮ್ಮ ಕಾರ್ನರ್ ಎಂದರೆ ಅವರ ಪ್ರತಿದಾಳಿಯ ಮೊದಲ ಹೆಜ್ಜೆಯೂ ಹೌದು.

ಉಡಿನೆಗೆ ಮರಳಿದರೆ, 2-0 ಆದ ಮೇಲೆ ಟಾಟೆನ್‌ಹ್ಯಾಮ್ ಹಿಂದೆ ಸರಿಯುತ್ತಾ ಹೋಯಿತು. ಪಿಎಸ್‌ಜಿ ಬೆಂಚಿನಿಂದ ಲೀ ಕಾಂಗ್-ಇನ್, ಗೊನ್ಸಾಲೊ ರಾಮೋಸ್ ಇಳಿದರು. 85ನೇ ನಿಮಿಷಕ್ಕೆ ಲೀ, 94ರಲ್ಲಿ ರಾಮೋಸ್. ಪೆನಾಲ್ಟಿ ಶೂಟೌಟ್‌ನಲ್ಲಿ ಕಪ್ ಪಿಎಸ್‌ಜಿಗೆ ಹೋಯಿತು. ತಯಾರಿಯೇ ಇಲ್ಲದೆ ಬಂದ ತಂಡವೂ ಕೊನೆಯ ಹತ್ತು ನಿಮಿಷಕ್ಕೆ ಬೆಂಚಿನಿಂದ ಇಂಥ ಗುಣಮಟ್ಟ ತರುತ್ತದೆ ಎಂದರೆ, 84ನೇ ನಿಮಿಷದವರೆಗಿನ ಮುನ್ನಡೆಗೆ ಎಷ್ಟು ಬೆಲೆ ಎಂದು ನೀವೇ ಅಳೆಯಿರಿ.

ಪ್ರೆಸ್ ಮಾಡಬೇಕೆ, ಕಾದು ಕೂರಬೇಕೆ

ಇದಕ್ಕೆ ಒಂದೇ ಉತ್ತರ ಇಟ್ಟುಕೊಂಡ ಕೋಚ್ ಮೊದಲ ಪಂದ್ಯದಲ್ಲಿ ಸಾಮಾನ್ಯವಾಗಿ ಪೆಟ್ಟು ತಿನ್ನುತ್ತಾನೆ. ಮೊದಲ 25 ನಿಮಿಷ ಮೇಲೆ ಹೋಗಿ ಒತ್ತುವುದು ಲಾಭದಾಯಕ, ಮುಖ್ಯವಾಗಿ ಎದುರಾಳಿಯ ಗೋಲ್‌ಕೀಪರ್ ಹೊಸಬನಾಗಿದ್ದರೆ. ವುಲ್ವ್ಸ್ ಮೇಲೆ ನಾಲ್ಕು ಹೊಡೆದ ಸಿಟಿ ಮುಂದಿನ ವಾರವೇ ಟಾಟೆನ್‌ಹ್ಯಾಮ್‌ಗೆ 0-2ರಿಂದ ಸೋತಿತು. ಎರಡನೇ ಗೋಲು ಬಂದದ್ದು, ಒತ್ತಡದಲ್ಲಿ ಗೋಲ್‌ಕೀಪರ್ ಟ್ರಾಫರ್ಡ್ ತನ್ನ ಆವರಣದ ಬಳಿಯೇ ಕೊಟ್ಟ ತಪ್ಪು ಪಾಸಿನಿಂದ. 2019ರ ನಿಯಮ ಬದಲಾವಣೆಯ ನಂತರ ಗೋಲ್ ಕಿಕ್ ಅನ್ನು ಆವರಣದೊಳಗೇ ಸಹ ಆಟಗಾರನಿಗೆ ಕೊಡಬಹುದು. ದೊಡ್ಡ ತಂಡಗಳು ಇದನ್ನೇ ದಾಳಿಯ ಮೊದಲ ಮೆಟ್ಟಿಲು ಮಾಡಿಕೊಂಡಿವೆ. ಹೊಸ ಗೋಲ್‌ಕೀಪರ್ ಮತ್ತು ಹೊಸ ಡಿಫೆಂಡರ್‌ಗೆ ಪರಸ್ಪರರ ಕಾಲು ಇನ್ನೂ ಪರಿಚಯವಾಗದ ದಿನಗಳಲ್ಲಿ ಆ ಮೆಟ್ಟಿಲು ಜಾರುತ್ತದೆ.

ಅಪಾಯ ಇರುವುದು 25ರಿಂದ ಮುಂದಕ್ಕೆ. ಪ್ರೆಸ್ ಕುಸಿಯುವುದು ಎಲ್ಲರೂ ಒಟ್ಟಿಗೆ ನಿಂತುಬಿಡುವುದರಿಂದಲ್ಲ. ಮುಂದಿನ ಮೂವರು ಉತ್ಸಾಹದಲ್ಲಿ ನುಗ್ಗುತ್ತಾರೆ, ಹಿಂದಿನ ನಾಲ್ವರು ಬೆನ್ನ ಹಿಂದೆ ಚೆಂಡು ಬಿದ್ದೀತೆಂದು ಹೆದರಿ ನಿಲ್ಲುತ್ತಾರೆ, ಮಧ್ಯದವರು ಯಾರ ಜತೆ ಹೋಗಬೇಕೋ ತಿಳಿಯದೆ ಒಂದು ಕ್ಷಣ ತಡವಾಗುತ್ತಾರೆ. ತಂಡದ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಸುಮಾರು 30 ಮೀಟರ್ ಇರಬೇಕಾದ್ದು 45-50ಕ್ಕೆ ಹಿಗ್ಗುತ್ತದೆ. ಆ ಸಂದಿಯಲ್ಲಿ ತಿರುಗಿ ಮುಖ ಮಾಡಿ ಚೆಂಡು ತೆಗೆದುಕೊಳ್ಳುವ ಒಬ್ಬನೇ ಒಬ್ಬ ಒಳ್ಳೆಯ ಮಿಡ್‌ಫೀಲ್ಡರ್ ಸಾಕು. ಟಿವಿಯಲ್ಲಿ ನೋಡುವಾಗ ಚೆಂಡು ಬಿಟ್ಟು ನಮ್ಮ ಇಬ್ಬರು ಸೆಂಟರ್ ಬ್ಯಾಕ್‌ಗಳು ಎಲ್ಲಿ ನಿಂತಿದ್ದಾರೆಂದು ನೋಡಿ. ಮುಂದಿನವರು ಓಡುತ್ತಿದ್ದಾಗಲೂ ಅವರು ತಮ್ಮ ಆವರಣದ ಹತ್ತಿರವೇ ಇದ್ದರೆ ಪ್ರೆಸ್ ಆಗಲೇ ಮುರಿದಿದೆ, ಗೋಲು ಬರುವುದಷ್ಟೇ ಬಾಕಿ.

ಆದ್ದರಿಂದ ಚೆಂದದ ಯೋಜನೆ ಎಂದರೆ 20-25 ನಿಮಿಷ ಒತ್ತುವುದು, ನಂತರ ಮಧ್ಯರೇಖೆಗೆ ಇಳಿದು ಕಾಯುವುದು, ವಿರಾಮದ ನಂತರದ ಹತ್ತು ನಿಮಿಷ ಮತ್ತೊಮ್ಮೆ ಮೇಲೆ ಹೋಗುವುದು. ಯಾವಾಗ ಇಳಿಯಬೇಕು ಎಂದು ಮೈದಾನದಲ್ಲಿ ಕೂಗಿ ಹೇಳುವ ಒಬ್ಬ ಬೇಕು, ಸಾಮಾನ್ಯವಾಗಿ ಅದು ರಕ್ಷಣೆಯ ಮುಂದಿರುವ ಮಿಡ್‌ಫೀಲ್ಡರ್. ಅವನೇ ಹೊಸಬನಾಗಿದ್ದರೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಐದು ಬದಲಾವಣೆ, ಮೂರೇ ಅವಕಾಶ

ಐವರನ್ನು ಬದಲಿಸಬಹುದು, ಆದರೆ ಆಟ ನಡೆಯುವಾಗ ಮೂರು ಸಲ ಮಾತ್ರ. ವಿರಾಮದಲ್ಲಿ ಮಾಡಿದ್ದು ಈ ಮೂರರಲ್ಲಿ ಸೇರುವುದಿಲ್ಲ. ಮೊದಲ ಪಂದ್ಯದಲ್ಲಿ ಈ ಲೆಕ್ಕ ತಪ್ಪಿದರೆ ದುಬಾರಿ. 58ಕ್ಕೆ ಒಬ್ಬ, 64ಕ್ಕೆ ಒಬ್ಬ, 70ಕ್ಕೆ ಒಬ್ಬ ಎಂದು ಬಿಡಿಬಿಡಿಯಾಗಿ ಇಳಿಸಿದರೆ ಇನ್ನಿಬ್ಬರನ್ನು ಇಳಿಸುವ ಹಕ್ಕಿದ್ದೂ ದಾರಿ ಮುಚ್ಚಿಹೋಗುತ್ತದೆ. 85ಕ್ಕೆ ಯಾರದೋ ಮೀನಖಂಡ ಹಿಡಿದುಕೊಂಡು ಕುಳಿತರೆ ಹತ್ತು ಜನರಲ್ಲೇ ಮುಗಿಸಬೇಕು. 60ರ ಸುಮಾರಿಗೆ ಇಬ್ಬರು ವಿಂಗರ್‌ಗಳನ್ನು ಒಟ್ಟಿಗೆ, 72-75ಕ್ಕೆ ಸ್ಟ್ರೈಕರ್ ಮತ್ತು ಒಬ್ಬ ಮಿಡ್‌ಫೀಲ್ಡರ್, ಕೊನೆಯದೊಂದನ್ನು ಕೈಯಲ್ಲೇ ಇಟ್ಟುಕೊಳ್ಳುವುದು: ಆಗಸ್ಟ್‌ಗೆ ಇದೇ ಸರಿಯಾದ ಹಂಚಿಕೆ. ಮೊದಲು ವಿಂಗರ್‌ಗಳೇ ಏಕೆಂದರೆ ಪ್ರೆಸ್‌ನಲ್ಲೂ ಹಿಂದಕ್ಕೆ ಓಡುವುದರಲ್ಲೂ ಅತಿ ಹೆಚ್ಚು ವೇಗದ ಓಟ ಅವರದು.

ಮುನ್ನಡೆಯಲ್ಲಿದ್ದರೆ 70ಕ್ಕೇ ಐದನೇ ಡಿಫೆಂಡರ್‌ನನ್ನು ಇಳಿಸುವ ಆಸೆ ಬರುತ್ತದೆ. ಇಳಿಸಲಿ, ಆದರೆ ವೇಗದ ಒಬ್ಬನನ್ನು ಮುಂದೆ ಬಿಡದಿದ್ದರೆ ಹೊರದೂಡಿದ ಚೆಂಡು ಹತ್ತೇ ಸೆಕೆಂಡಿಗೆ ವಾಪಸ್ ಬರುತ್ತದೆ. ಸಮಯ ತಳ್ಳುವ ಹಳೆಯ ದಾರಿಗಳೂ ಈಗ ಕಿರಿದಾಗಿವೆ: 2025-26ರಿಂದ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದಿದ್ದರೆ ಎದುರಾಳಿಗೆ ಕಾರ್ನರ್. ರೆಫರಿ ಕೊನೆಯ ಐದು ಸೆಕೆಂಡನ್ನು ಕೈಯೆತ್ತಿ ಬೆರಳಲ್ಲಿ ಎಣಿಸುತ್ತಾರೆ.

ಸ್ಕೋರು ಏನು ಹೇಳುತ್ತದೆ

ಬಹಳ ಕಡಿಮೆ. 2016ರ ಆಗಸ್ಟ್ 13ರಂದು ಹಲ್ ಸಿಟಿ, ಹಾಲಿ ಚಾಂಪಿಯನ್ ಲೆಸ್ಟರ್ ತಂಡವನ್ನು 2-1ರಿಂದ ಸೋಲಿಸಿತು. ಅದೇ ಋತುವಿನ ಕೊನೆಗೆ 18ನೇ ಸ್ಥಾನದಲ್ಲಿ ಕೆಳದರ್ಜೆಗೆ ಇಳಿಯಿತು. ಆರಂಭಶೂರತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 2021ರಲ್ಲಿ ಬ್ರೆಂಟ್‌ಫರ್ಡ್‌ಗೆ ಸೋತ ಆರ್ಸೆನಲ್, ಮುಂದೆ ಚೆಲ್ಸಿಗೆ 0-2, ಸಿಟಿಗೆ 0-5ರಿಂದ ಸೋತು ಮೂರು ಪಂದ್ಯದಲ್ಲಿ ಒಂದೂ ಗೋಲಿಲ್ಲದೆ ತಳ ಸೇರಿತ್ತು. ಋತು ಮುಗಿದಾಗ 69 ಪಾಯಿಂಟ್, ಐದನೇ ಸ್ಥಾನ. 2022ರಲ್ಲಿ ಎರಿಕ್ ಟೆನ್ ಹಾಗ್‌ರ ಮ್ಯಾಂಚೆಸ್ಟರ್ ಯುನೈಟೆಡ್ ಮೊದಲು ಬ್ರೈಟನ್‌ಗೆ 1-2, ನಂತರ ಬ್ರೆಂಟ್‌ಫರ್ಡ್‌ಗೆ 0-4; ಮುಗಿಸಿದ್ದು ಮೂರನೇ ಸ್ಥಾನದಲ್ಲಿ. ಬರ್ನ್ಲಿಯದು ಅಪವಾದ. 2017ರಲ್ಲಿ ಚಾಂಪಿಯನ್ ಚೆಲ್ಸಿಯನ್ನು ಅವರಂಗಳದಲ್ಲೇ 3-2ರಿಂದ ಸೋಲಿಸಿ, ಋತುವನ್ನೂ ಏಳನೇ ಸ್ಥಾನದಲ್ಲಿ ಮುಗಿಸಿತು. ಆ ಪಂದ್ಯದಲ್ಲಿ ಚೆಲ್ಸಿಯ ಕೇಹಿಲ್ 14ನೇ ನಿಮಿಷಕ್ಕೇ ಕೆಂಪು ಕಾರ್ಡ್ ಕಂಡಿದ್ದ, ವಿರಾಮಕ್ಕೆ 3-0 ಆಗಿತ್ತು, ಹತ್ತು, ಕೊನೆಗೆ ಒಂಬತ್ತು ಜನರಿಗೆ ಇಳಿದ ಚೆಲ್ಸಿ ಎರಡನ್ನು ತೀರಿಸಿಯೂ ಬಿಟ್ಟಿತ್ತು. ಅಲ್ಲೂ ಅದೇ ಕೊನೆಯ ಅರ್ಧ ಗಂಟೆ.

ಸೋತರೂ ಗೆದ್ದರೂ ಪಂದ್ಯ ಮುಗಿದ ಮೇಲೆ ನೋಡಬೇಕಾದ್ದು ಬೇರೆ. 60ನೇ ನಿಮಿಷದವರೆಗೆ ಎದುರಾಳಿ ಎಷ್ಟು ಸಲ ನಮ್ಮ ಆವರಣದೊಳಗೆ ಚೆಂಡು ಮುಟ್ಟಿದರು, ಆಮೇಲೆ ಎಷ್ಟು ಸಲ. ನಮ್ಮ ಕಾರ್ನರ್‌ಗಳಲ್ಲಿ ಮೊದಲ ಚೆಂಡು ಯಾರ ತಲೆಗೆ ಬಿತ್ತು. 60ರವರೆಗಿನ ಅಂಕಿ ಚಿಕ್ಕದು, ಆಮೇಲಿನದು ದೊಡ್ಡದು ಎಂದಾದರೆ ತಂಡದ ವಿನ್ಯಾಸ ಸರಿಯಿದೆ, ದಮ್ಮು ಸಾಲದು. ಅದು ಸೆಪ್ಟೆಂಬರ್‌ಗೆ ತಾನಾಗಿ ಬರುತ್ತದೆ. ಮೊದಲ ಅರ್ಧ ಗಂಟೆಯಲ್ಲೇ ಸಂದಿಗಳು ಬಾಯಿಬಿಟ್ಟಿದ್ದರೆ, ವರ್ಗಾವಣೆ ಗಡುವು ಮುಗಿಯುವ ಮುಂಚೆ ಯಾರನ್ನಾದರೂ ತರುವ ಯೋಚನೆ ಮಾಡಬೇಕು. ಲೀಗ್ ಶುರುವಾದ ಮೇಲೂ ಆ ಬಾಗಿಲು ಕೆಲ ದಿನ ತೆರೆದಿರುವುದರಿಂದ ಇನ್ನೊಂದು ತೊಡಕೂ ಇದೆ: ಹೋಗಲು ಹೊರಟವನು ಆಡುವುದಿಲ್ಲ. 2025ರಲ್ಲಿ ನ್ಯೂಕ್ಯಾಸಲ್ ತನ್ನ ಮುಖ್ಯ ಸ್ಟ್ರೈಕರ್ ಐಸಾಕ್ ಇಲ್ಲದೆಯೇ ಆಸ್ಟನ್ ವಿಲ್ಲಾ ಎದುರು ಋತು ಆರಂಭಿಸಿ 0-0 ಮಾಡಿಕೊಂಡಿತು. ಅವನು ಸೆಪ್ಟೆಂಬರ್ 1ರಂದು ಲಿವರ್‌ಪೂಲ್ ಸೇರಿದ. ಹಿಂದಿನ ಋತುವಿನ ಕೊನೆಯಲ್ಲಿ ಸಿಕ್ಕ ಕೆಂಪು ಕಾರ್ಡಿನ ಶಿಕ್ಷೆ ಬಾಕಿಯಿದ್ದರೆ ಅದು ಹೊಸ ಋತುವಿಗೂ ಬರುತ್ತದೆ ಎಂಬುದನ್ನೂ ಮರೆಯಬಾರದು.

ಪಂದ್ಯದ ದಿನ ತಂಡದ ಪಟ್ಟಿ ಬಂದಾಗ ಎಲ್ಲರ ಕಣ್ಣು ಮೊದಲ ಹನ್ನೊಂದರ ಮೇಲೆ ಬೀಳುತ್ತದೆ. ಕೆಳಗಿನ ಬೆಂಚನ್ನು ಮೊದಲು ಓದಿ. ನಮ್ಮ ಕಡೆ 90 ನಿಮಿಷ ಆಡಬಲ್ಲವರು ಎಷ್ಟು ಜನ ಎಣಿಸಿ, ಎದುರಾಳಿ ಬೆಂಚಿನಲ್ಲಿ, ಬೇರೆ ಹೆಚ್ಚಿನ ತಂಡಗಳಲ್ಲಾದರೆ ನೇರವಾಗಿ ಮೊದಲ ಹನ್ನೊಂದಕ್ಕೆ ಬರಬಲ್ಲ ದಾಳಿಗಾರರು ಎಷ್ಟು ಜನ ಎಣಿಸಿ. ಮೊದಲ ಅಂಕಿ ಏಳು ದಾಟಿ, ಎರಡನೆಯದು ಒಂದೋ ಎರಡೋ ಇದ್ದರೆ ಡ್ರಾ ಮೇಲೆ ಆಸೆ ಇಡಬಹುದು. ನಾಲ್ಕು ಮತ್ತು ನಾಲ್ಕು ಎಂದಿದ್ದರೆ, ವಿರಾಮಕ್ಕೆ ಒಂದು ಗೋಲು ಮುಂದಿದ್ದರೂ ಪಟಾಕಿ ಹೊರಗೆ ತೆಗೆಯಬೇಡಿ.